ಸೀಟಿದ್ದರೆ ಬರುವ ಸೋದರಮಾವ

ವಿಮಾನ ಕಂಪನಿಯಲ್ಲಿ ಕೆಲಸ ಎಂದರೆ ಸಾಕು, ಊರವರು ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ: ಇವನಿಗೇನು, ಬೇಕೆಂದಾಗ ಹತ್ತುತ್ತಾನೆ, ಬೇಕೆಂದಾಗ ಇಳಿಯುತ್ತಾನೆ. ನಮ್ಮೂರು ಅಳದಂಗಡಿಯ ಪೇಟೆಯಲ್ಲಿ ಚಹಾಕ್ಕೆ ಕೂತರೆ ಪಕ್ಕದವನು ನನ್ನಲ್ಲಿ ದುಬೈಗೆ ಟಿಕೆಟ್ ಕೇಳುತ್ತಾನೆ. ಕೇಳಲಿ, ಅವನ ತಪ್ಪಲ್ಲ. ಹಾಗೆ ನಂಬಿಸಿದವನು ನಾನೇ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಿಂತು ಕಂಡವರ ಪೆಟ್ಟಿಗೆ ತೂಗುವುದು ನನ್ನ ಕೆಲಸ ಎಂದು ನಾನು ಯಾರಿಗೂ ಬಿಡಿಸಿ ಹೇಳಿದವನಲ್ಲ.

ನಮಗೆ ಸಿಬ್ಬಂದಿ ಟಿಕೆಟ್ ಎಂಬುದೊಂದು ಸಿಗುತ್ತದೆ. ಹೆಚ್ಚುಕಡಿಮೆ ಪುಕ್ಕಟೆ. ಆದರೆ ಅದರಲ್ಲಿ ಸೀಟು ಇರುವುದಿಲ್ಲ, ಸೀಟಿನ ಆಸೆ ಮಾತ್ರ ಇರುತ್ತದೆ. ಹಣ ಕೊಟ್ಟವರೆಲ್ಲ ಹತ್ತಿದ ಮೇಲೆ ಏನಾದರೂ ಖಾಲಿ ಉಳಿದರೆ ಸೇವಾ ಹಿರಿತನದ ಪ್ರಕಾರ ಹೆಸರು ಕರೆಯುತ್ತಾರೆ. ಅಲ್ಲಿಯವರೆಗೆ ಕೌಂಟರಿನ ಹತ್ತಿರ ಸುಳಿಯಬಾರದು, ಹಣ ಕೊಟ್ಟವರ ಎದುರು ಮುಖ ಸಪ್ಪೆ ಮಾಡಬಾರದು. ದೂರ ನಿಂತು ಕಾಯಬೇಕು. ಇಷ್ಟಾದರೂ ನಮ್ಮವರಲ್ಲಿ ಟಿಕೆಟ್ ಕೊಂಡು ಹೋಗುವುದೆಂದರೆ ಅವಮಾನ, ಬಸ್ಸಿನಲ್ಲಿ ಹೋಗುವುದೆಂದರೆ ಇನ್ನೂ ದೊಡ್ಡ ಅವಮಾನ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಹಿರಿಯರು ಹೇಳಿದ್ದು ನಮ್ಮಂಥವರನ್ನು ಕಂಡೇ ಇರಬೇಕು.

ಬಂಟ್ವಾಳದಲ್ಲಿರುವ ಅಕ್ಕನ ಮಗಳಿಗೆ ಮದುವೆ ಗೊತ್ತಾಯಿತು. ಮೂಡುಬಿದಿರೆಯ ಒಂದು ಹಾಲ್‌ನಲ್ಲಿ ಮದುವೆ, ಮಧ್ಯಾಹ್ನ ಹನ್ನೆರಡರ ಅಭಿಜಿನ್ ಮುಹೂರ್ತ. ಭಾವ ತೀರಿಹೋಗುವಾಗ ಆ ಹುಡುಗಿಗೆ ಒಂಬತ್ತು ವರ್ಷ. ನಮ್ಮದು ಅಳಿಯಕಟ್ಟಿನ ಮನೆ, ತಾಯಿಯ ಕಡೆಯಿಂದ ಕುಟುಂಬ ಎಣಿಸುವವರು. ಅಪ್ಪ ಇದ್ದರೂ ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವನೇ. ಅಪ್ಪನೂ ಇಲ್ಲದ ಮೇಲೆ ಧಾರೆ ಎರೆಯಬೇಕಾದವನೂ ನಾನೇ. ಅಕ್ಕನಿಗೆ ಬೇರೆ ಅಣ್ಣತಮ್ಮಂದಿರಿಲ್ಲ.

ಹೆಂಡತಿ ಮಕ್ಕಳು ಮೂರು ದಿನ ಮೊದಲೇ ಚಾರ್ಮಾಡಿ ದಾರಿಯ ಬಸ್ಸಿನಲ್ಲಿ ಊರಿಗೆ ಹೋದರು. ಮದುವೆಯ ಹಿಂದಿನ ಸಂಜೆಯವರೆಗೂ ನನಗೆ ಡ್ಯೂಟಿ. ಅದು ಮುಗಿಯುವ ಹೊತ್ತಿಗೆ ಅಕ್ಕ ಫೋನು ಮಾಡಿದಳು.

"ರಾತ್ರಿ ಬಸ್ಸಿಗೇ ಬಾ ಮಾರಾಯ. ನಿನ್ನ ವಿಮಾನವನ್ನು ನಂಬಿ ಮುಹೂರ್ತ ಇಡ್ಲಿಕ್ಕೆ ಆಗುವುದಿಲ್ಲ."

ನಾನು ನಕ್ಕುಬಿಟ್ಟೆ. ಬೆಳಗಿನ ಮೊದಲ ವಿಮಾನದಲ್ಲಿ ಹದಿನೆಂಟು ಸೀಟು ಖಾಲಿ, ಈಗಷ್ಟೇ ಕಂಪ್ಯೂಟರಿನಲ್ಲಿ ನೋಡಿ ಬಂದಿದ್ದೇನೆ, ನೀವು ಮದುಮಗಳಿಗೆ ಹೂ ಮುಡಿಸುವ ಮೊದಲು ನಾನು ಅಲ್ಲಿರುತ್ತೇನೆ ಎಂದೆ. ಅವಳು ಮತ್ತೆ ಒತ್ತಾಯಿಸಲಿಲ್ಲ.

ಅದೇ ರಾತ್ರಿ ಇನ್ನೊಂದು ವಿಮಾನ ರದ್ದಾಗಿ ಅದರ ಪ್ರಯಾಣಿಕರನ್ನೆಲ್ಲ ಈ ಮೊದಲ ವಿಮಾನಕ್ಕೆ ತುಂಬಿದರು. ಬೆಳಿಗ್ಗೆ ಐದಕ್ಕೆ ನೋಡಿದರೆ ಹದಿನೆಂಟರಲ್ಲಿ ಒಂದೂ ಉಳಿದಿಲ್ಲ. ಆ ವಿಮಾನ ನನ್ನನ್ನು ಬಿಟ್ಟು ಹಾರಿತು. ಅದರ ನಂತರದ್ದೂ ಹಾರಿತು. ಇನ್ನು ಉಳಿದದ್ದು ಒಂಬತ್ತೂ ಮುಕ್ಕಾಲರದ್ದು ಮಾತ್ರ. ಅದು ಸಿಕ್ಕಿದರೆ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದು ಟ್ಯಾಕ್ಸಿ ಹಿಡಿದು ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಹಾಲ್ ಮುಟ್ಟಬಹುದು. ಅದೂ ತಪ್ಪಿದರೆ ಮುಂದಿನದ್ದು ಮಧ್ಯಾಹ್ನ. ಹಣ ಕೊಟ್ಟು ಕೊಳ್ಳುತ್ತೇನೆಂದರೂ ಅಷ್ಟು ಹೊತ್ತಿಗೆ ಮಾರುವ ಟಿಕೆಟ್ ಮುಗಿದಿತ್ತು. ಆ ಕಾಯುವಿಕೆಯ ಸಂಕಟ ಹೇಳಿ ಪ್ರಯೋಜನವಿಲ್ಲ. ಅಕ್ಕನಿಗೆ ಮಾತ್ರ, ಬರುತ್ತಾ ಇದ್ದೇನೆ, ಬರುತ್ತಾ ಇದ್ದೇನೆ ಎಂದು ಮೆಸೇಜು ಕಳಿಸುತ್ತಲೇ ಇದ್ದೆ.

ಈಗ ಇನ್ನೊಂದು ರೋಗದ ವಿಷಯ ಹೇಳಬೇಕು. ನಮ್ಮ ವಿಶ್ರಾಂತಿ ಕೋಣೆಯಲ್ಲಿ ಶೇರು ಆಡದವರೇ ಇಲ್ಲ. ದಿನವಿಡೀ ಖಾಲಿ ಸೀಟಿನ ಸಂಖ್ಯೆ ಏರಿಳಿಯುವುದನ್ನು ನೋಡುವ ಕಣ್ಣಿಗೆ ಫೋನಿನಲ್ಲಿ ಹಸಿರು ಕೆಂಪು ನೋಡುವ ಚಟ ಬೇಗ ಹತ್ತುತ್ತದೆ. ನಾನೂ ಆ ವಾರ ಮಾರುಕಟ್ಟೆ ಏರುತ್ತದೆಂದು ನಂಬಿ ಉಳಿತಾಯದ ಹೆಚ್ಚಿನ ಪಾಲನ್ನು ಗಡುವಿರುವ ಬಾಜಿಯಂಥ ಆಪ್ಷನ್‌ಗೆ ಹಾಕಿದ್ದೆ. ಸರಿಯಾದರೆ ದುಪ್ಪಟ್ಟು, ತಪ್ಪಿದರೆ ಸೊನ್ನೆ. ಅದರ ಕೊನೆಯ ದಿನವೂ ಆವತ್ತೇ.

ಒಂಬತ್ತೂಕಾಲಕ್ಕೆ ಮಾರುಕಟ್ಟೆ ತೆರೆಯಿತು. ನಾನು ಗೇಟಿನಿಂದ ದೂರ, ಒಂದು ಕಂಬದ ಹಿಂದೆ, ಫೋನಿಗೆ ಚಾರ್ಜು ಹಾಕಿಕೊಂಡು ನಿಂತಿದ್ದೆ. ತೆರೆದದ್ದೇ ತಡ, ಬಿತ್ತು. ನೋಡುತ್ತಾ ಇದ್ದಂತೆ ಅರ್ಧ ಹೋಯಿತು. ಮಾರಿಬಿಡಲೇ, ಇನ್ನೂ ಒಂದು ನಿಮಿಷ ನೋಡಲೇ? ಮಾರುವ ಗುಂಡಿ ಒತ್ತಿದರೆ ಪರದೆಯಲ್ಲಿ ಚಕ್ರ ಸುತ್ತುತ್ತಲೇ ಇದೆ, ಮಾರಾಟವಾಗುವುದಿಲ್ಲ. ಮತ್ತೆ ಒತ್ತಿದೆ. ಅಂತೂ ಸಿಕ್ಕಿದ ಬೆಲೆಗೆ ಮಾರಿ ತಲೆ ಎತ್ತಿದಾಗ ಗೇಟಿನ ಎದುರು ಒಂದು ನರಪಿಳ್ಳೆ ಇಲ್ಲ.

ಓಡಿದೆ. ಗೇಟಿನಲ್ಲಿದ್ದವಳು ನನಗಿಂತ ಎಷ್ಟೋ ಕಿರಿಯಳು, ಕೆಲಸ ಕಲಿಸಿದ್ದೇ ನಾನು. ಅವಳ ಮುಖ ಬಿಳಿಚಿಹೋಗಿತ್ತು.

"ಮೂರು ಸಲ ಕರೆದೆ ಸರ್. ಕೊನೇಲಿ ಇಬ್ಬರು ಬರಲಿಲ್ಲ, ಎರಡು ಸೀಟು ಉಳೀತು. ನೀವು ಕಾಣಲಿಲ್ಲ. ಬಾಗಿಲು ಹಾಕಿ ಆಯ್ತು."

ಮೂರು ಸಲ ಕರೆಯಬೇಕು, ಉತ್ತರ ಬಾರದಿದ್ದರೆ ಮುಚ್ಚಬೇಕು ಎಂದು ಅವಳಿಗೆ ಹೇಳಿಕೊಟ್ಟವನೂ ನಾನೇ. ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. ಅವಳು ಅಳತೊಡಗಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನಬಹುದೇನೋ, ಆದರೆ ಈ ತುತ್ತನ್ನು ನೆಲಕ್ಕೆ ಹಾಕಿದವನು ನಾನು. ಹನ್ನೊಂದು ಗಂಟೆಗೆ ಮಾರುಕಟ್ಟೆ ಬಿದ್ದಷ್ಟೂ ಏರಿ ನಿಂತಿತು. ಅದನ್ನು ನೋಡಿದಾಗ ಫೋನನ್ನು ಗೋಡೆಗೆ ಅಪ್ಪಳಿಸಬೇಕು ಅನಿಸಿತು.

ಅಪ್ಪಳಿಸಲಿಲ್ಲ, ಯಾಕೆಂದರೆ ಅದೇ ಹೊತ್ತಿಗೆ ಅಕ್ಕನ ಫೋನು ಬಂತು. ಹಿಂದೆ ವಾಲಗದ ಸದ್ದು ಕೇಳುತ್ತಿತ್ತು. ಎಲ್ಲಿದ್ದಿ ಎಂದು ಕೇಳಿದಳು.

"ಸೀಟು ಸಿಗ್ಲಿಲ್ಲ ಅಕ್ಕ. ಒಂಬತ್ತೂ ಮುಕ್ಕಾಲರ ವಿಮಾನವೂ ಫುಲ್."

ಅವಳು ಬೈಯಲಿಲ್ಲ. ಏನಾದರೂ ತಿಂದಿದ್ದೀಯಾ ಎಂದು ಕೇಳಿ ಫೋನಿಟ್ಟಳು.

ಮುಂದೆ ನಡೆದದ್ದನ್ನು ಹೆಂಡತಿ ಹೇಳಿದಳು. ಪುರೋಹಿತರು ಗಡಿಯಾರ ನೋಡುತ್ತಿದ್ದರಂತೆ. ಕುಟುಂಬದಲ್ಲಿ ಸೋದರಮಾವನ ಸ್ಥಾನಕ್ಕೆ ನನ್ನ ನಂತರ ಬರುವವನು ದೊಡ್ಡಮ್ಮನ ಮಗ. ಮನೆಗೆ ಹೋಗುವ ದಾರಿಯ ತಕರಾರಿನಲ್ಲಿ ಅಕ್ಕನ ಮೇಲೆ ಕೋರ್ಟಿಗೆ ಹೋಗಿ ಹತ್ತು ವರ್ಷ ಮಾತು ಬಿಟ್ಟವನು. ಲೋಕದ ಬಾಯಿಗೆ ಹೆದರಿ ಮದುವೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಅಕ್ಕ ಗಂಡಿನ ಕಡೆಯವರೆಲ್ಲ ನೋಡುತ್ತಿರುವಂತೆ ಆ ಸಾಲಿನವರೆಗೆ ನಡೆದುಹೋಗಿ ಅವನ ಮುಂದೆ ಕೈ ಮುಗಿದು ನಿಂತಳಂತೆ. ಅವನು ಕೂಡಲೇ ಏಳಲಿಲ್ಲವಂತೆ. ಫೋನು ನೋಡಿಕೊಂಡು ಕೂತಿದ್ದನಂತೆ. ಅವಳು ಎರಡನೇ ಸಲ ಕೇಳಿದ ಮೇಲೆ ಎದ್ದನಂತೆ.

ಮಧ್ಯಾಹ್ನದ ವಿಮಾನ ಹಿಡಿದು ನಾನು ಹಾಲ್ ತಲುಪುವಾಗ ಕುರ್ಚಿ ಮಡಚುತ್ತಿದ್ದರು. ಮದುಮಗಳು ಹೋಗಿ ಆಗಿತ್ತು. ಅಕ್ಕ ನನ್ನನ್ನು ಕಂಡು ಎಲ್ಲರ ಎದುರು, ಪಾಪ ಬೆಳಗ್ಗಿನಿಂದ ಉಪವಾಸ ಕಾದು ಬಂದಿದ್ದಾನೆ, ಅವನಿಗೆ ಒಂದು ಎಲೆ ಹಾಕಿ ಎಂದಳು. ನಾನು ಉಂಡೆ. ಹೌದು, ನಾಚಿಕೆಯಿಲ್ಲದೆ ಉಂಡೆ. ಹೇಳಿಬಿಡಬೇಕೆಂದು ಬಾಯಿಯವರೆಗೆ ಬಂದದ್ದನ್ನು ಪಾಯಸದೊಂದಿಗೆ ನುಂಗಿದೆ.

ಎರಡು ತಿಂಗಳು ಕಳೆದು ಹೊಸ ದಂಪತಿಗಳನ್ನು ಅಳದಂಗಡಿಯ ಮನೆಗೆ ಊಟಕ್ಕೆ ಕರೆದೆವು. ಅಕ್ಕ ಅಡುಗೆಮನೆಯಲ್ಲಿದ್ದಳು. ಜಗಲಿಯಲ್ಲಿ ನಾನೊಬ್ಬನೇ ಇರುವಾಗ ಅಕ್ಕನ ಮಗಳು ಬಂದು ಪಕ್ಕದಲ್ಲಿ ಕೂತಳು. ಒಂಬತ್ತು ವರ್ಷದವಳಿರುವಾಗ ನನ್ನ ಬೆರಳು ಹಿಡಿದು ಶಾಲೆಗೆ ಹೋಗುತ್ತಿದ್ದ ಹುಡುಗಿ. ದನಿ ತಗ್ಗಿಸಿ ಹೇಳಿದಳು.

"ಮಾವ, ಇವರ ಇಬ್ಬರು ಸ್ನೇಹಿತರು ಮದುವೆಗೆ ಬಂದದ್ದು ಆ ಒಂಬತ್ತೂ ಮುಕ್ಕಾಲರ ವಿಮಾನದಲ್ಲೇ. ಅವರ ಎದುರಿನ ಎರಡು ಸೀಟು ಖಾಲಿ ಇತ್ತಂತೆ."

ಅವಳು ನನ್ನ ಮುಖ ನೋಡದೆ ಸೆರಗು ಸರಿಮಾಡಿಕೊಂಡಳು.

"ಯಾಕೆ ಬರ್ಲಿಲ್ಲ ಅಂತ ನಾನು ಕೇಳುವುದಿಲ್ಲ. ಅಮ್ಮನ ಹತ್ತಿರ ಮಾತ್ರ ಹೇಳ್ಬೇಡಿ. ನೀವು ಬರ್ತಿದ್ರಿ, ಸೀಟು ಇರ್ಲಿಲ್ಲ ಅಂತ ನಂಬಿಕೊಂಡೇ ಅವರು ಆವತ್ತು ಆ ಕೋರ್ಟಿಗೆ ಹೋದವನಿಗೆ ಕೈ ಮುಗಿದದ್ದು."