ಒನಕೆ ಹಿಡಿದ ಡಿಸ್ಕೋ ಹಾಡುಗಾರ್ತಿ

ನನ್ನ ತಂಗಿ ಚೆನ್ನೈ, ದುಬೈ ಕ್ಲಬ್ಬುಗಳಲ್ಲಿ ಡಿಸ್ಕೋ ಹಾಡುತ್ತಾಳೆ. ಅವಳ ಹಾಡು ಶುರುವಾದರೆ ಕೂತವರೂ ಎದ್ದು ಕುಣಿಯುತ್ತಾರೆ. ನಾವು ಓದಿದ ಕೊಡೈಕೆನಾಲಿನ ಕಾನ್ವೆಂಟಿನಲ್ಲಿ ಸಿಸ್ಟರ್ ಅವಳನ್ನು ಕಾಯರ್ ಹಾಡುವವರ ಮುಂದಿನ ಸಾಲಿಗೆ ಕರೆದರು. ನನಗೆ ಬಾಯಿ ಮಾತ್ರ ಆಡಿಸು ಎಂದರು. ಆದರೂ ತೇವಾರಂ ಊರಿನ ನೆಂಟರು ತಂಗಿಯ ಬಗ್ಗೆ ಕೇಳಿದಾಗಲೆಲ್ಲ ನಾನು 'ಮ್ಯೂಸಿಕ್ ಟೀಚರ್' ಎಂದೇ ಹೇಳುತ್ತಿದ್ದೆ.

ಪೊಂಗಲ್ ಕಳೆದ ಮೇಲೆ ನನ್ನ ಮಗಳ ಮದುವೆ. ನಮ್ಮಲ್ಲಿ ಮದುವೆಗೆ ಮುಂಚೆ ಹೆಂಗಸರು ಒರಳಿನಲ್ಲಿ ಅರಿಶಿನ ಕುಟ್ಟುತ್ತಾರೆ. ಮನೆಯ ಹಿರಿಯ ಸೋದರತ್ತೆ ಹಾಡು ಹಿಡಿಯಬೇಕು. ಅರಿಶಿನ ಪುಡಿಯಾಗುವ ತನಕ ಹಾಡು ನಿಲ್ಲಕೂಡದು. ಆ ಅರಿಶಿನಕ್ಕೆ ತಾನೂ ಒನಕೆ ಹಾಕಬೇಕು ಅನ್ನುವುದೊಂದೇ ತಂಗಿಯ ಆಸೆ. ಅಷ್ಟರಲ್ಲಿ ಯಾರೋ ಆ ಅತ್ತೆಗೆ, ನಮ್ಮ ಅಪ್ಪನ ಅಕ್ಕನಿಗೆ, ಫೋನಿನಲ್ಲಿ ತಂಗಿಯ ಕ್ಲಬ್ಬಿನ ವಿಡಿಯೋ ತೋರಿಸಿಬಿಟ್ಟಿದ್ದರು.

"ಕುಡಿಯೋರ ಮುಂದೆ ಪಾಡೋಳು. ಒನಕೆ ಮುಟ್ಟಬ್ಯಾಡ ಅನ್ನು," ಎಂದರು ಅತ್ತೆ, ನನ್ನ ಕಡೆ ತಿರುಗಿ.

ತಂಗಿ ಬೆಳ್ಳಿಬಣ್ಣದ ಉಗುರುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊಸ್ತಿಲ ಹತ್ತಿರ ಕೂತಳು.

ಅತ್ತೆ ಹಾಡು ಹಿಡಿದರು, ಒನಕೆಗಳು ಎದ್ದವು. ಮೂರನೇ ನುಡಿಗೆ ಅವರಿಗೆ ಕೆಮ್ಮು ಬಂತು. ಹಾಡು ನಿಂತಿತು. ಉಳಿದವರಿಗೆ ಪಲ್ಲವಿಯಷ್ಟೇ ಗೊತ್ತು, ನನಗೆ ಅದೂ ಇಲ್ಲ. ಎತ್ತಿದ ಒನಕೆಗಳು ಎತ್ತಿದ ಹಾಗೇ ಇದ್ದವು. ಅತ್ತೆಯ ಕಣ್ಣಲ್ಲಿ ನೀರು.

ಆಗ ಹೊಸ್ತಿಲಿಂದ ನಾಲ್ಕನೇ ನುಡಿ ಬಂತು. ಕ್ಲಬ್ಬಿನ ಗಂಟಲಲ್ಲ, ತೀರಿಹೋದ ನಮ್ಮ ಅವ್ವನ ಗಂಟಲು. ಅವ್ವ ಬದುಕಿದ್ದಾಗ ತಂಗಿ ಪ್ರತಿ ಭಾನುವಾರ ಫೋನ್ ಮಾಡಿ ಒಂದೊಂದೇ ನುಡಿ ಹೇಳಿಸಿಕೊಂಡಿದ್ದಳಂತೆ. ನನಗದು ಗೊತ್ತೇ ಇರಲಿಲ್ಲ. ಒನಕೆಗಳು ಒಂದಾದ ಮೇಲೊಂದು ಬೀಳತೊಡಗಿದವು. ಕೇಳುತ್ತಾ ಕೇಳುತ್ತಾ ನನಗೆ ಹೊಳೆಯಿತು: ಅವಳ ಹಾಡುಗಳಲ್ಲಿ ಜನರನ್ನು ಕುಣಿಸುವ ಆ ಬಡಿತ ಇದೇ.

ಅತ್ತೆ ಕೆಮ್ಮುತ್ತಲೇ ಗದರಿಸಿದರು. "ಅಲ್ಲೇ ಕೂತು ಪಾಡಿದ್ರೆ ನಿನ್ನ ಒನಕೆ ನಿಮ್ಮಪ್ಪ ಬಂದು ಹಿಡಿತಾನಾ? ಎದ್ದು ಬಾ, ನನ್ನ ಕಣ್ಣು."

"ಉಗುರಿಗೆ ಬಣ್ಣ ಅದೆ ಅತ್ತೆ."

"ಅರಿಶಿನ ಹತ್ತಿದ ಮ್ಯಾಲೆ ಎಲ್ಲಾರದೂ ಒಂದೇ ಬಣ್ಣ. ಬಾ."

ಪುಡಿ ನುಣ್ಣಗಾಗುವ ತನಕ ಅವಳೇ ಹಾಡಿದಳು, ಅವಳೇ ಕುಟ್ಟಿದಳು.

ಸೀರೆ ಕೊಡಲು ಓಡೈಪಟ್ಟಿಯಿಂದ ಬಂದಿದ್ದ ಬೀಗಿತ್ತಿ ನನ್ನ ಪಕ್ಕಕ್ಕೆ ಸರಿದರು. "ಪಾಡ್ತಾ ಇರೋದು ನಿನ್ನ ತಂಗಿಯಾ? ಟೀಚರ್ ಅಂದಿದ್ದೆ ಅಲ್ವಾ?"

"ಟೀಚರ್ ಅಲ್ಲ ಅಕ್ಕ," ಎಂದೆ, ಅತ್ತೆಗೂ ಕೇಳುವ ಹಾಗೆ. "ಡಿಸ್ಕೋ ಪಾಡ್ತಾಳೆ. ಕ್ಲಬ್ಬಲ್ಲಿ."

ಬೀಗಿತ್ತಿ ಒರಳಿನ ಕಡೆ ನೋಡಿದರು. "ಹಂಗಾ? ಹಂಗಾದ್ರೆ ನಾಳೆ ನಮ್ಮನೆ ಅರಿಶಿನಕ್ಕೂ ಕಳಿಸಮ್ಮಾ."