ಹಸುವಿನ ಪಾಲಾದ ಅಗಸೆ

ನನ್ನ ತವರಿನ ಅಡುಗೆಮನೆಯಲ್ಲಿ, ಉಪ್ಪಿನ ಜಾಡಿಯ ಪಕ್ಕ, ಈಗೊಂದು ಹೊಸ ಕುಡಿಕೆ ಬಂದು ಕೂತಿದೆ. ಅದರಲ್ಲಿರುವುದು ಹುರಿದು ಕುಟ್ಟಿದ ಅಗಸೆ ಪುಡಿ. ಊಟದ ಹೊತ್ತಿಗೆ ನಮ್ಮವ್ವ ಅದರಿಂದ ಒಂದು ಚಮಚ ತೆಗೆದು ಮುದ್ದೆಯ ಮಗ್ಗುಲಿಗೆ ಹಾಕಿಕೊಂಡು ಮೇಲಿಷ್ಟು ತುಪ್ಪ ಬಿಟ್ಟುಕೊಳ್ಳುತ್ತಾಳೆ. ಕುಂದಾಣದ ಕಡೆಯವರಾದ ನಮಗೆ ಪುಡಿಯೆಂದರೆ ಹುಚ್ಚೆಳ್ಳಿನದು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಆ ಗಿಡವೊಂದನ್ನು ಬಿಟ್ಟು ಬೇರೆ ಎಣ್ಣೆಕಾಳಿಗೆ ನಮ್ಮ ನಾಲಿಗೆ ಎಂದೂ ಮರ್ಯಾದೆ ಕೊಟ್ಟದ್ದಿಲ್ಲ. ಅಗಸೆಯೆಂಬುದನ್ನು ನಾವು ಬಲ್ಲದ್ದು ಎರಡೇ ಕೆಲಸಕ್ಕೆ: ಎಣ್ಣೆ ಬಾಗಿಲಿನ ಮರಕ್ಕೆ, ಗಂಜಿ ಈದ ಹಸುವಿಗೆ. ಅಂಥದ್ದು ಅವ್ವನ ತಟ್ಟೆಗೆ ಬಂದ ಕಥೆ ಕೇಳಿದರೆ ನೀವು ಮೊದಲು ನಗುತ್ತೀರಿ. ನಾವೂ ನಕ್ಕವರೇ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಎತ್ತು ತರಲೆಂದು ದಾವಣಗೆರೆ ಸೀಮೆಗೆ ಹೋದ ಅಪ್ಪ, ಎತ್ತಿನ ಜೊತೆಗೆ ಅಣ್ಣನಿಗೊಂದು ಹೆಣ್ಣನ್ನೂ ಗೊತ್ತುಮಾಡಿಕೊಂಡು ಬಂದ. ಹೀಗೆ ಹಾಲಮ್ಮತ್ತಿಗೆ ಎರೆಮಣ್ಣಿನ ಊರಿನಿಂದ ನಮ್ಮ ಕೆಂಪುಮಣ್ಣಿಗೆ ಬಂದಳು. ರೊಟ್ಟಿ ಬಡಿದು ಪಳಗಿದ ಕೈಗೆ ನಾವು ಮುದ್ದೆಕೋಲು ಕೊಟ್ಟೆವು, ಅವಳು ಸೆರಗು ಬಿಗಿದು ತೊಳಸಿದಳು. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದ ಮಹಾರಾಯ ಖಂಡಿತ ಯಾರ ಮನೆಗೂ ಸೊಸೆಯಾಗಿ ಹೋದವನಲ್ಲ! ಸೊಸೆಯಾಗಿ ನಾನೂ ಹೋದವಳೇ, ಆದರೆ ನಮ್ಮ ಪಕ್ಕದ ವಿಜಯಪುರಕ್ಕೆ. ಬೆಳಿಗ್ಗೆ ಬಂಡಿ ಕಟ್ಟಿದರೆ ಮಧ್ಯಾಹ್ನದ ಊಟ ತವರಿನಲ್ಲಿ. ರೇಷ್ಮೆಗೂಡು ಬೇಯುವ ವಾಸನೆಯೊಂದನ್ನು ಬಿಟ್ಟರೆ ಅಲ್ಲಿ ನನಗೆ ಹೊಸದೆಂಬುದೇ ಇರಲಿಲ್ಲ, ಅದೇ ರಾಗಿ, ಅದೇ ಅವರೆ, ಅದೇ ಹುಚ್ಚೆಳ್ಳು. ಅತ್ತಿಗೆಯ ತವರಾದರೋ, ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸುಗಳು ಎಲ್ಲೆಂದರಲ್ಲಿ ಕೆಟ್ಟು ನಿಲ್ಲುತ್ತಿದ್ದ ಆ ದಿನಗಳಲ್ಲಿ, ನೆನೆಯುವುದಕ್ಕಷ್ಟೇ ಹತ್ತಿರ.

ಅತ್ತಿಗೆ ಚೊಚ್ಚಲ ಬಸುರಿಯಾಗಿದ್ದಾಗ ಅವಳ ತಮ್ಮ ಹೇಗೋ ಬಂದು, ಸಣ್ಣ ಚೀಲದಲ್ಲಿ ಅಗಸೆ ಕೊಟ್ಟು ಹೋದ. ಅದೇ ವಾರ ನಮ್ಮ ಹಸು ಕರು ಹಾಕಿತ್ತು. ನಾನು ತವರಿಗೆ ಬಂದಿದ್ದೆ. ಅವ್ವ ಚೀಲ ಬಿಚ್ಚಿ ನೋಡಿ ಹಿಗ್ಗಿಹೋದಳು.

“ನೋಡಿದ್ಯೇನೇ ಬೀಗರ ಬುದ್ಧೀನ! ಹಸ ಈಯೋದು ಅಲ್ಲೇ ಕುಂತು ಗೊತ್ತಾದಂಗೆ ಕಳ್ಸವ್ರೆ!” ಎಂದು, ಇದ್ದಷ್ಟನ್ನೂ ಬೆಲ್ಲದ ಜೊತೆ ಬೇಯಿಸಿ ಕೊಟ್ಟಿಗೆಗೆ ಒಯ್ದಳು.

ಅತ್ತಿಗೆ ಬಾವಿಯಿಂದ ಬಂದು ಕೊಡ ಇಳಿಸುವ ಹೊತ್ತಿಗೆ ಹಸು ಪಾತ್ರೆಯ ತಳ ನೆಕ್ಕುತ್ತಿತ್ತು. ಅವಳ ಮುಖ ಸಪ್ಪಗಾಯಿತು. ಆಮೇಲೆ ನಕ್ಕಳು.

“ಪುಡಿ ಮಾಡ್ಕೊಂಡು ತಿನ್ನಾಕಂತ ನಾನೇ ಹೇಳಿ ತರಿಸಿದ್ದೆ ಅತ್ತಿ. ತಿನ್ಲಿ ಬಿಡ್ರಿ, ಅದೂ ಬಾಣಂತಿನೇ ಅಲ್ಲೇನು?”

“ಅಯ್ಯೋ, ದನದ ಮದ್ದ ಮನುಷ್ಯರು ತಿಂತಾರೇನೇ!” ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತಿಗೆ ತಮಾಷೆ ಮಾಡುತ್ತಿದ್ದಾಳೆಂದೇ ಎಲ್ಲರೂ ತಿಳಿದೆವು. ಬಸುರಿ ಬಾಯಿಬಿಟ್ಟು ಕೇಳಬಾರದು, ಮನೆಯವರೇ ಬಯಕೆ ಕೇಳಿ ತಿಳಿಯಬೇಕು ಅನ್ನುವ ಪದ್ಧತಿ ನಮ್ಮದು. ಅವ್ವ ಕೇಳಿದ್ದು ಒಬ್ಬಟ್ಟು ಬೇಕೋ, ಕಜ್ಜಾಯ ಬೇಕೋ ಎಂದು. ಅತ್ತಿಗೆ ಕಜ್ಜಾಯ ಅಂದಳು. ಅಗಸೆಯ ಮಾತು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ.

ಯುದ್ಧ ಮುಗಿಯಿತು, ಅತ್ತಿಗೆಯ ಮಗ ಶಾಲೆಗೆ ಹೋಗುವಂತಾದ, ಅವ್ವನಿಗೆ ವಯಸ್ಸಾಯಿತು. ವಯಸ್ಸು ಬಂದದ್ದು ಮಂಡಿಗೆ ಮೊದಲು, ಆಮೇಲೆ ಹೊಟ್ಟೆಗೆ. ಹೊಟ್ಟೆ ಕಟ್ಟಿ, ಬೆಳಗಿನ ಬಹಿರ್ದೆಸೆಯೇ ಅವ್ವನಿಗೆ ದಿನದ ದೊಡ್ಡ ಯೋಚನೆಯಾದಾಗ ನಾನು ವಿಜಯಪುರದ ವೈದ್ಯ ಪಂಡಿತರ ಹತ್ತಿರ ಕರೆದುಕೊಂಡು ಹೋದೆ.

“ಅಗಸೆ ಹುರಿದು ಪುಡಿ ಮಾಡಿ ಊಟದ ಜೊತೆ ತಗೊಳ್ಳಿ ತಾಯಿ, ನೀರು ಚೆನ್ನಾಗಿ ಕುಡೀರಿ. ಇಡೀ ಕಾಳು ನುಂಗಿದ್ರೆ ಬಂದ ಹಾಗೇ ಹೋಗುತ್ತೆ.”

“ಅದು ದನದ ಮದ್ದಲ್ವಾ ಸ್ವಾಮಿ?”

“ದಾವಣಗೆರೆ ಕಡೆಯೋರ ಮನೇಲಿ ಒಂದಿನ ಊಟ ಮಾಡಿ ನೋಡಿ. ಅಗಸೆ ಪುಡಿ ಇಲ್ದೆ ಅವರಿಗೆ ರೊಟ್ಟಿ ಇಳಿಯಲ್ಲ. ಬಾಣಂತಿಯರಿಗೂ ಕೊಡ್ತಾರೆ.”

ಅವ್ವ ತಟ್ಟನೆ ಎದ್ದು ಹೊರಗೆ ಬಂದಳು. ಬಂಡಿ ಊರು ದಾಟಿದ ಮೇಲೆ ನನ್ನ ಕೈ ಹಿಡಿದುಕೊಂಡು, “ಅವತ್ತು ಆ ಹುಡುಗಿ ನಿಜ ಹೇಳಿದ್ಲು ಕಣೇ. ಬಯಸಿ ತರಿಸ್ಕೊಂಡಿದ್ಲು. ನಾನು ಹಸೂಗೆ ಹಾಕ್ಬಿಟ್ನಲ್ಲೇ!” ಅಂದಳು. ಮಡಿಲಲ್ಲಿ ಅಂಗಡಿಯ ಅಗಸೆಯಿತ್ತು, ಜೊತೆಗೆ, ಪಂಡಿತರು ಹೇಳದಿದ್ದ ಜೋಳದ ಹಿಟ್ಟೂ ಇತ್ತು.

ಮನೆಗೆ ಬಂದವಳೇ ಅತ್ತಿಗೆಯನ್ನು ಕೂರಿಸಿಕೊಂಡು ಕೇಳಿ ಕೇಳಿ ಪುಡಿ ಮಾಡಿದಳು. ಅಗಸೆ ಕೈಯಲ್ಲಿ ನಿಲ್ಲುವ ಕಾಳಲ್ಲ, ಹಿಡಿದಷ್ಟೂ ಜಾರುತ್ತದೆ. ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದು, ಆರಿಸಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಿದಾಗ ಮನೆಯೆಲ್ಲ ಘಮ್ಮೆಂದಿತು. ರೊಟ್ಟಿಯನ್ನೂ ತಾನೇ ತಟ್ಟುತ್ತೇನೆಂದು ಅವ್ವ ಹಟ ಹಿಡಿದಳು. ಅದು ಹರಿದು ಭೂಪಟವಾಯಿತು, ಬಿಡಿ. ಅತ್ತೆಯಾದವಳು ಅವತ್ತು ಸೊಸೆಗೆ ಮೊದಲು ಬಡಿಸಿ, ತಾನು ಉಣ್ಣದೆ ಎದುರಿಗೆ ಕೂತು, ಅವಳ ಬಾಯನ್ನೇ ನೋಡುತ್ತಿದ್ದಳು.

ಅತ್ತಿಗೆ ಒಂದು ತುತ್ತು ತಿಂದಳು. “ಚೆನ್ನಾಗೈತೆ ಅತ್ತೆ.” ಎರಡನೆಯದನ್ನೂ ತಿಂದಳು. ಮೂರನೆಯ ತುತ್ತಿಗೆ ಕೈ ತಾನಾಗಿ ಹುಚ್ಚೆಳ್ಳಿನ ಪುಡಿಯ ಕಡೆ ಹೋಯಿತು. ಹೋದದ್ದು ಅವಳಿಗೂ ಕಂಡಿತು, ಅವ್ವನಿಗೂ ಕಂಡಿತು.

“ಬೇಜಾರ್ ಮಾಡ್ಕೋಬೇಡಿ ಅತ್ತೆ. ನನ್ ನಾಲ್ಗೆ ಈ ಊರಿಂದೇ ಆಗ್ಬಿಟ್ಟೈತೆ.”

ಬೇರೆ ಅತ್ತೆಯಾಗಿದ್ದರೆ ಆ ಮಾತಿಗೆ ಬೀಗುತ್ತಿದ್ದಳೇನೋ. ಅವ್ವ ಸೆರಗನ್ನು ಕಣ್ಣಿಗೆ ಹಿಡಿದು, “ಆಗ್ಬಾರ್ದಿತ್ತು ಕಣವ್ವ” ಅಂದಳು.

ಅವತ್ತಿನಿಂದ ನನಗೊಂದು ಯೋಚನೆ ಬಿಟ್ಟಿಲ್ಲ. ಹೊಟ್ಟೆಗೆ ಹಿತವಾದದ್ದನ್ನು ಯಾವ ವಯಸ್ಸಿನಲ್ಲಿ ಕೊಟ್ಟರೂ ಅದು ಪಡೆದುಕೊಳ್ಳುತ್ತದೆ; ನಾಲಿಗೆ ಹಾಗಲ್ಲ, ಕೇಳಿದಾಗ ಸಿಗದಿದ್ದರೆ ಕೇಳುವುದನ್ನೇ ಬಿಟ್ಟುಬಿಡುತ್ತದೆ. ನಾವು ಸೊಸೆಯರನ್ನು ‘ಹೊಂದಿಕೊಂಡಳು’ ಎಂದು ಹೊಗಳುತ್ತೇವಲ್ಲ, ಹಾಗೆ ಹೊಂದಿಕೊಳ್ಳುವಾಗ ಅವಳಲ್ಲಿ ಏನೇನು ಬತ್ತಿಹೋಯಿತೆಂದು ಯಾರು ಕೇಳುತ್ತಾರೆ? ನನಗಂತೂ ಸಂಕಟವಾಗುತ್ತದೆ.

ಅಗಸೆಯಿಂದ ಅವ್ವನ ಹೊಟ್ಟೆ ಈಗ ಹಗುರವಾಗಿದೆ, ಪಂಡಿತರ ಮಾತು ಸುಳ್ಳಾಗಲಿಲ್ಲ. ಆದರೂ ದಿನವೂ ಊಟಕ್ಕೆ ಕೂತಾಗ ಅವಳು ಆ ಕುಡಿಕೆಯನ್ನು ಮೊದಲು ಅತ್ತಿಗೆಯ ತಟ್ಟೆಯ ಮುಂದೆ ಸರಿಸಿ ಕಾಯುತ್ತಾಳೆ. ಅತ್ತಿಗೆ ನಕ್ಕು ಅದನ್ನು ತಿರುಗಿ ಇತ್ತ ಸರಿಸುತ್ತಾಳೆ. ಆಮೇಲೆ ಅವ್ವ ಒಬ್ಬಳೇ ಹಾಕಿಕೊಂಡು ಉಣ್ಣುತ್ತಾಳೆ.