ಇಸ್ತ್ರಿಪೆಟ್ಟಿಗೆ ಮತ್ತು ಗುಡ್ಡದ ದಾರಿ

ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದೆನೋ ಇಲ್ಲವೋ ಎಂಬ ಚಿಂತೆ ಅವಳಿಗೆ ಗಂಟುಬಿದ್ದದ್ದು ಮಗು ಹುಟ್ಟಿದ ಮೇಲೆ. ಆರಿಸಿಯೇ ಇರುತ್ತಿದ್ದಳು. ವೈರನ್ನೂ ಸುತ್ತಿಟ್ಟಿರುತ್ತಿದ್ದಳು. ಆದರೂ ಮಗುವನ್ನು ಶಿಶುವಿಹಾರದಲ್ಲಿ ಬಿಟ್ಟು ಬಸ್‌ಸ್ಟಾಪಿಗೆ ಬರುವಷ್ಟರಲ್ಲಿ ಎದೆ ಡವಡವ ಅನ್ನುತ್ತಿತ್ತು. ಮನೆಗೆ ಓಡಿ, ಬೀಗ ತೆಗೆದು, ತಣ್ಣಗೆ ಕೂತಿದ್ದ ಪೆಟ್ಟಿಗೆಯನ್ನು ಮುಟ್ಟಿ ನೋಡಿದರೇನೇ ಸಮಾಧಾನ. ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು.

ಅವಳು ಕೆಲಸ ಮಾಡುವ ಕನ್ನಡಕದಂಗಡಿ ಗುಡ್ಡದ ಆಚೆ ಬದಿಯಲ್ಲಿತ್ತು. ಗಾಜಿನ ಅಂಚನ್ನು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಒಂಚೂರು ಹೆಚ್ಚು ಉಜ್ಜಿದರೂ ಗಾಜು ಕಳಚಿ ಬೀಳುತ್ತದೆ. ಬಸ್ಸು ಗುಡ್ಡವನ್ನು ಸುತ್ತುಹಾಕಿ ಹೋಗುತ್ತಿತ್ತು. ನೀರಿನ ಟ್ಯಾಂಕಿನ ಪಕ್ಕದಿಂದ ಕಾಲುದಾರಿಯೊಂದು ನೇರ ಮೇಲೇರಿ ಆಚೆಗೆ ಇಳಿಯುತ್ತಿತ್ತು. ಅಂಗಡಿ ಯಜಮಾನರ ಬಾಯಿಗೆ ಹೆದರಿ ಅವಳು ಅದನ್ನೇ ಹಿಡಿದು ಓಡತೊಡಗಿದಳು. ಮೊದಮೊದಲು ಪಕ್ಕೆ ಹಿಡಿದುಕೊಳ್ಳುತ್ತಿತ್ತು. ಆಮೇಲಾಮೇಲೆ ಯಾವ ಕಲ್ಲು ಅಲುಗುತ್ತದೆ, ಎಲ್ಲಿ ಜಾರುತ್ತದೆ ಎಂಬುದು ಪಾದಕ್ಕೇ ಗೊತ್ತಾಯಿತು.

ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿಯುವ ಗಂಡ ಒಂದು ಸಂಜೆ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ತನ್ನ ಅಮ್ಮನ ಮನೆಗೆ ಕೊಟ್ಟುಬಂದ. "ಸುಕ್ಕು ಬಟ್ಟೆ ಹಾಕ್ಕೊಂಡು ನೆಮ್ಮದಿಯಾಗಿರೋಣ ಕಣೇ. ಇನ್ನಾದ್ರೂ ಬಸ್ಸಲ್ಲಿ ಹೋಗು."

ಮರುದಿನ ಬಸ್ಸು ಬಂತು. ಬಾಗಿಲೂ ತೆರೆಯಿತು. ಅವಳ ಕಾಲು ಮಾತ್ರ ಏಳಲಿಲ್ಲ.

"ಏನಮ್ಮಾ, ಇವತ್ತೂ ಏನೋ ಮರೆತು ಬಂದ್ರಾ?" ಎಂದ ಕಂಡಕ್ಟರ್.

"ಇಲ್ಲಪ್ಪ, ಇವತ್ತೇನೂ ಮರೆತಿಲ್ಲ," ಎಂದವಳೇ ಟ್ಯಾಂಕಿನ ಕಡೆ ತಿರುಗಿದಳು. ಓಡಲು ನೆವ ಬೇಕಿಲ್ಲವೆಂದು ಅವಳಿಗೆ ತಿಳಿದದ್ದು ಆಗ. ಗುಡ್ಡದ ಮೇಲಿರುವಷ್ಟು ಹೊತ್ತು ಯಾವ ಸ್ವಿಚ್ಚೂ ನೆನಪಾಗುವುದಿಲ್ಲ ಎಂಬುದು ತಿಳಿಯಲು ಇನ್ನೂ ಕೆಲವು ವಾರ ಹಿಡಿಯಿತು.

ಒಂದು ದಿನ ಅಂಗಡಿಗೆ ಬಂದ ಪಿ.ಟಿ. ಟೀಚರ್, ಓಡುವಾಗ ಕನ್ನಡಕ ಮೂಗಿನಿಂದ ಜಾರುತ್ತದೆ ಎಂದು ದೂರಿದರು. ಅವಳು ಕಡ್ಡಿಗಳನ್ನು ಬಿಸಿಮಾಡಿ ಕಿವಿಯ ಹಿಂದೆ ಬಾಗಿಸಿಕೊಟ್ಟಳು. ಟೀಚರ್ ಕಣ್ಣು ಅವಳ ಶೂಗಳ ಮಣ್ಣಿನ ಮೇಲೆ ಬಿತ್ತು.

"ಗುಡ್ಡ ಹತ್ತಿ ಬರ್ತೀರಾ?"

"ಓಡ್ಕೊಂಡು ಬರ್ತೀನಿ ಮೇಡಂ."

"ಹಾಗಾದ್ರೆ ಮುಂದಿನ ಭಾನುವಾರ ನಮ್ಜೊತೆ ಬನ್ನಿ. ಬೆಟ್ಟದ ಸಾಲಲ್ಲಿ ಐವತ್ತು ಕಿಲೋಮೀಟರ್ ಓಟ. ಬೆಳಗಾಗೋ ಹೊತ್ತಿಗೆ ಬಿಟ್ರೆ ಕತ್ತಲಾಗೋದ್ರೊಳಗೆ ಮುಗಿಯುತ್ತೆ."

ಐವತ್ತು ಕಿಲೋಮೀಟರಿಗೆ ಅವಳು ಹೆದರಲಿಲ್ಲ. ಹೆದರಿದ್ದು ಭಾನುವಾರಕ್ಕೆ. ಅವತ್ತು ಶಿಶುವಿಹಾರಕ್ಕೆ ರಜೆ, ಗಂಡನಿಗೆ ರಜೆಯಿಲ್ಲ. ಉಳಿದವರು ಅತ್ತೆ ಒಬ್ಬರೇ. ಮೂರು ಮಕ್ಕಳನ್ನು ಸಾಕಿದ ಹೆಂಗಸು, ಮೊಮ್ಮಗುವನ್ನು ಒಂದು ದಿನ ಬಿಟ್ಟು ಹೋಗೆಂದು ಕೇಳಿ ಕೇಳಿ ಸುಮ್ಮನಾಗಿದ್ದರು. ಪ್ರತಿ ಸಲವೂ ಶೀತ, ನಿದ್ದೆ, ಹಲ್ಲು ಎಂದು ಇವಳದೊಂದು ಸಬೂಬು. ಸಾಲದ್ದಕ್ಕೆ ಈಗ ಆ ಹಾಳು ಪೆಟ್ಟಿಗೆಯೂ ಅದೇ ಮನೆಯಲ್ಲಿತ್ತು.

ಮೂರು ದಿನ ಫೋನು ಕೈಗೆತ್ತಿಕೊಳ್ಳುವುದು, ಕೆಳಗಿಡುವುದು. ನಾಲ್ಕನೆಯ ದಿನ ಬೆಳಿಗ್ಗೆ ಗುಡ್ಡದ ನೆತ್ತಿಯಲ್ಲಿ ನಿಂತು, ಏದುಸಿರು ಇಳಿಯುವ ಮುಂಚೆಯೇ ಅತ್ತೆಯ ನಂಬರ್ ಒತ್ತಿಬಿಟ್ಟಳು.

"ಅತ್ತೆ, ಭಾನುವಾರ ಮಗೂನ ನೋಡ್ಕೋತೀರಾ? ಇಡೀ ದಿನ."

"ಅಯ್ಯೋ, ಯಾಕೆ ಹಿಂಗೆ ಏದುಸಿರು ಬಿಡ್ತಿದೀಯ? ಯಾರಿಗೇನಾಯ್ತೇ?"

"ಯಾರಿಗೂ ಏನಾಗಿಲ್ಲ. ನಾನು ಓಡ್ಬೇಕು."

"ಓಡಿಹೋಗ್ತೀಯಾ? ನನ್ನ ಮಗ ಏನಂದ?"

"ಅಯ್ಯೋ ಓಡಿಹೋಗಲ್ಲ ಅತ್ತೆ, ಓಡಿ ಸಂಜೆಗೆ ವಾಪಸ್ ಬರ್ತೀನಿ!"

ಆ ಕಡೆ ನಗು ಕೇಳಿಸಿತು. ಇಸ್ತ್ರಿಪೆಟ್ಟಿಗೆಯ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಇನ್ನೂ ಕತ್ತಲಿರುವಾಗಲೇ ಕರ್ಕೊಂಡು ಬರ್ಬೇಕಾಗುತ್ತೆ. ಪರವಾಗಿಲ್ವಾ?"

"ಬಾರೇ. ಬಾಗಿಲು ತೆಗೆದಿಟ್ಟಿರ್ತೀನಿ," ಎಂದರು ಅತ್ತೆ.